ರಾಟೆ ತೊಟ್ಟ ಬಳೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಮಂತ್ರಕ್ಕಿಂತ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಉಳಿ ಸುತ್ತಿಗೆಯ ಸದ್ದು. ಅಲ್ಲಿನ ಗುರು ಅಡಿವೆಜ್ಜ ರಾಟೆ ಮಾಡುವವರು. ಲಡಿಯಾಗಿ ಕಟ್ಟಿಟ್ಟ ನೂಲನ್ನು ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ಸುತ್ತಿಕೊಡುವ ರಾಟೆ. ಅದು ನಿಂತರೆ ಸುತ್ತಲಿನ ಊರುಗಳ ಮಗ್ಗವೆಲ್ಲ ನಿಲ್ಲಬೇಕು.

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯನ ಕೆಲಸ ಹದಕ್ಕೆ ಬಂತು ಅನ್ನಿಸಿದ ದಿನ ಅಜ್ಜ ಅವನಿಗೊಂದು ಅಂಕಿತ ಕೊಡುತ್ತಿದ್ದರು. ಹಾಡು ಕಟ್ಟುವವರಿಗೆ ಕೊಡುವಂತೆ ಹೆಸರಲ್ಲ, ಉಗುರಿನಷ್ಟು ಚಿಕ್ಕದೊಂದು ಗುರುತು. ಅಂದಿನಿಂದ ತಾನು ಮಾಡಿದ ರಾಟೆಗೆಲ್ಲ ಅವನು ಅದನ್ನು ಕಾದ ಕಬ್ಬಿಣದಲ್ಲಿ ಒತ್ತಬಹುದು. ಅಂಕಿತ ಸಿಗದವನ ರಾಟೆ ಹೆಸರಿಲ್ಲದೆಯೇ ಊರಿಗೆ ಹೋಗುತ್ತಿತ್ತು.

ಶಿಷ್ಯ ಬಾಳಪ್ಪನ ರಾಟೆಗಳು ಹಾಗೇ ಹೋಗುತ್ತಿದ್ದವು. ಹೋದ ಹಾಗೆಯೇ ತಿರುಗಿ ಬರುತ್ತಲೂ ಇದ್ದವು.

ಅಜ್ಜನ ಅಂಕಿತ ಬಿಲ್ವಪತ್ರೆ. ಪತ್ರೆಯ ಗುರುತಿನ ರಾಟೆ ಮನೆಯಲ್ಲಿದ್ದರೆ ಆ ಮನೆಯವರ ಮಾತಿನ ಧಾಟಿಯೇ ಬೇರೆ. "ಅಜ್ಜಾರ ರಾಟಿ ಮುರಿಯೂದಿಲ್ಲ" ಎಂದು ಎದೆ ಸೆಟೆಸಿ ಹೇಳುತ್ತಿದ್ದರು. ಸವೆದಾಗ ಹೊತ್ತು ತಂದರೆ ಅಜ್ಜ ತಾವೇ ಅರ ಹಿಡಿದು ಕೂತು ಸರಿ ಮಾಡಿಕೊಡುತ್ತಿದ್ದರು. ಆ ಕೆಲಸ ಅವರ ಕೈಗಲ್ಲದೆ ಬೇರೆ ಯಾರ ಕೈಗೂ ಬಗ್ಗುತ್ತಿರಲಿಲ್ಲ.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬಾಳಪ್ಪನಿಗೆ ಎದೆ ಉಬ್ಬುತ್ತಿತ್ತು. ಹೊಟ್ಟೆಯೂ ಸ್ವಲ್ಪ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು? ತನ್ನ ರಾಟೆಯ ಬಗ್ಗೆ ಯಾರಾದರೂ ಒಮ್ಮೆ ಹಾಗೆ ಅನ್ನಲಿ ಎಂದು ಅವನು ಹಗಲೆಲ್ಲ ಹಂಬಲಿಸುತ್ತಿದ್ದ.

ಒಂದು ಬೆಳಿಗ್ಗೆ ಕಾಶವ್ವ ಬಂದಳು. ಹೊಳೆಯಾಚೆಯ ನೇಕಾರರ ಓಣಿಯವಳು. ಬಾಳಪ್ಪ ಮಾಡಿಕೊಟ್ಟ ರಾಟೆಯನ್ನು ಅಂಗಳದಲ್ಲಿ ದೊಪ್ಪನೆ ಇಳಿಸಿದಳು.

"ತಗೋಪಾ, ನಿನ್ನ ರಾಟಿ. ನೂಲು ಸುತ್ತೂದಕ್ಕಿಂತ ಹರಿಯೂದ ಹೆಚ್ಚಾತು."

ಬಾಳಪ್ಪ ಬಗ್ಗಿ ನೋಡಿದ. ನೂಲು ಹಾದು ಬರುವ ಕಬ್ಬಿಣದ ಕಣ್ಣಿನಲ್ಲಿ ಒಂದು ಕೊರಕಲು ಬಿದ್ದಿತ್ತು. ಗರಗಸದಿಂದ ಕೊಯ್ದ ಹಾಗಿತ್ತು.

"ಕಾಶಕ್ಕಾ, ನೀನು ಸುತ್ತಿದ್ದು ನೂಲೋ ತಂತಿಯೋ?"

"ನನಗ ಹಂಗ ಕೇಳ್ತೀಯಾ? ನಿನ್ನ ಕಬ್ಬಿಣಕ್ಕ ಕೇಳು."

ಪಡಸಾಲೆಯಲ್ಲಿ ಕೂತಿದ್ದ ಅಜ್ಜ ಕರೆದರು.

"ಬಾಳಪ್ಪಾ, ನೂಲು ಗಟ್ಟಿನೋ, ಕಬ್ಬಿಣ ಗಟ್ಟಿನೋ?"

"ಕಬ್ಬಿಣ ಗಟ್ಟಿ ಅಲ್ಲೇನ್ರಿ ಅಜ್ಜಾರ."

"ಹಂಗಾರ ಕೊರದವರು ಯಾರು?"

ಬಾಳಪ್ಪ ಕೊರಕಲಿನ ಮೇಲೆ ಬೆರಳಾಡಿಸಿದ.

"ಹೆಸರಿನಾಗ ಬಾಳು ಇಟ್ಕೊಂಡೀಯಲ್ಲಾ, ಅದನ್ನ ಒಂದೀಟು ರಾಟಿಗೂ ಕೊಡೋ" ಎಂದು ಅಜ್ಜ ನಕ್ಕರು.

ಆ ನಗು ಬಾಳಪ್ಪನಿಗೆ ಚುಚ್ಚಿತು. ಈ ಸಲ ನೋಡೇಬಿಡೋಣ ಎಂದು ಹಟ ಹಿಡಿದ. ಕುಲುಮೆಗೆ ಹೋಗಿ ಉಕ್ಕು ತಂದ. ಕಾಯಿಸಿದ, ಬಡಿದ, ನೀರಿಗೆ ಅದ್ದಿ ಹದ ಕೊಟ್ಟ. ಅರ ಹಾಕಿದರೆ ಅರವೇ ಜಾರುವಷ್ಟು ಗಟ್ಟಿಯಾದ ಕಣ್ಣು ಮಾಡಿದ. ಅದನ್ನು ರಾಟೆಯ ಕಬ್ಬಿಣದ ತೋಳಿಗೆ ಯಾರೂ ಅಲುಗಿಸಲಾಗದಂತೆ ಬೆಸೆದುಬಿಟ್ಟ.

"ಅಜ್ಜಾರ, ಸೂರ್ಯ ಚಂದ್ರ ಇರೋತನಕ ಇದಕ್ಕ ಏನೂ ಆಗೂದಿಲ್ರಿ."

"ಆತು, ಕೊಟ್ಟು ಬಾ" ಎಂದರು ಅಜ್ಜ. ಮತ್ತೇನೂ ಹೇಳಲಿಲ್ಲ.

ಸೂರ್ಯ ಚಂದ್ರರು ಎಲ್ಲಿಗೂ ಹೋಗಲಿಲ್ಲ. ರಾಟೆ ಮಾತ್ರ ತಿರುಗಿ ಬಂತು.

ಉಕ್ಕು ಮೊದಲಿನ ಕಬ್ಬಿಣಕ್ಕಿಂತ ಹೆಚ್ಚು ಕಾಲ ತಡೆದಿತ್ತು, ನಿಜ. ಆದರೆ ಒಮ್ಮೆ ಕೊರಕಲು ಬಿದ್ದ ಮೇಲೆ ಅದರ ಅಂಚು ಕತ್ತಿಯಾಗಿ ಕೂತಿತ್ತು. ಹಾದುಬಂದ ನೂಲನ್ನೆಲ್ಲ ಕಡಿದು ಹಾಕುತ್ತಿತ್ತು. ಕಣ್ಣು ಕಿತ್ತು ಬೇರೆ ಹಾಕೋಣ ಎಂದರೆ ಬೆಸುಗೆ ಬಿಡಲಿಲ್ಲ. ಬಾಳಪ್ಪ ಗರಗಸ ತಂದು ತೋಳನ್ನೇ ಕೊಯ್ಯಬೇಕಾಯಿತು. ತಾನು ಮಾಡಿದ್ದನ್ನು ತಾನೇ ಕೊಯ್ಯುವಾಗ ಅವನಿಗೆ ಅಳು ಬಂತು.

ಅಜ್ಜ ಅದನ್ನು ನೋಡಿದರು. "ಬಾ, ಹೊಳಿಗೆ ಹೋಗೂನು" ಎಂದರು.

ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಹಳೆಯ ಕರಿಕಲ್ಲಿನ ಮೆಟ್ಟಿಲು. ನಡುವೆ ಮಾತ್ರ ತಟ್ಟೆಯಂತೆ ತಗ್ಗು ಬಿದ್ದಿತ್ತು. ಎರಡೂ ಬದಿ ಮೊನ್ನೆ ಕಡೆದಿಟ್ಟಷ್ಟು ಚೂಪಾಗಿತ್ತು.

"ಇದನ್ನ ಸವಿಸಿದವರು ಯಾರು?" ಅಜ್ಜ ಕೇಳಿದರು.

"ನೀರಿಗೆ ಬರೋ ಮಂದಿರಿ. ಅವರ ಕಾಲು."

"ಕಾಲು ಗಟ್ಟಿನೋ, ಕಲ್ಲು ಗಟ್ಟಿನೋ?"

ಬಾಳಪ್ಪನಿಗೆ ಈಗ ಎಚ್ಚರ ಬಂದಿತ್ತು. "ಕಲ್ಲು ಗಟ್ಟಿರಿ. ಆದ್ರ ಎಲ್ಲಾರೂ ನಡುವ ಕಾಲು ಇಡ್ತಾರ. ಅಷ್ಟೂ ಪೆಟ್ಟು ಅದೊಂದ ಜಾಗಾ ತಿಂದೈತಿ."

ಅಜ್ಜ ಎದ್ದು ಪಂಚೆ ಕೊಡವಿಕೊಂಡರು.

"ಕಲ್ಲಿಗೂ ಕಾಲು ಇದ್ದಿದ್ರ?"

ಅಷ್ಟು ಕೇಳಿ ಮೆಟ್ಟಿಲು ಹತ್ತಿ ಹೋಗೇಬಿಟ್ಟರು. ಬಾಳಪ್ಪ ಅಲ್ಲೇ ಕೂತ. ಕಲ್ಲಿಗೆ ಕಾಲು! ಅಜ್ಜನಿಗೆ ವಯಸ್ಸಾಯಿತು ಎಂದೂ ಒಮ್ಮೆ ಅನ್ನಿಸಿತು.

ಮರುದಿನ ಅವನು ಕಾಶವ್ವನ ಮನೆಗೆ ಹೋದ. ಹೊಸ ರಾಟೆ ಆಗುವ ತನಕ ಅವಳ ಕೆಲಸ ನಿಲ್ಲಬಾರದು ಎಂದು ಆಶ್ರಮದ ಹಳೆಯ ರಾಟೆಯೊಂದನ್ನು ಹೊತ್ತುಕೊಂಡು ಹೋಗಿದ್ದ. ಅದಕ್ಕೆ ಕಣ್ಣೇ ಇರಲಿಲ್ಲ. ಕಾಶವ್ವ ಬಲಗೈಯಿಂದ ರಾಟೆ ತಿರುಗಿಸುತ್ತ ಎಡಗೈಯಲ್ಲೇ ನೂಲು ಹಿಡಿದು ಸುತ್ತತೊಡಗಿದಳು.

ಬಾಳಪ್ಪ ಹೊಸ್ತಿಲ ಬಳಿ ಕೂತು ನೋಡುತ್ತಿದ್ದ. ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ. ಲಡಿಯಿಂದ ಬರುವ ನೂಲು ಅವಳ ಮಣಿಕಟ್ಟಿನ ಹಸಿರು ಗಾಜಿನ ಬಳೆಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಬಳೆ ಮಣಿಕಟ್ಟಿನ ಸುತ್ತ ಒಂದಿಷ್ಟು ತಿರುಗಿ ಸರಿಯುತ್ತಿತ್ತು. ಇನ್ನಷ್ಟು ನೂಲು ಬಂದರೆ ಇನ್ನಷ್ಟು ಸರಿಯುತ್ತಿತ್ತು.

"ಯಕ್ಕಾ, ಆ ಬಳಿ ಯಾವಾಗ ಇಟ್ಕೊಂಡಿದ್ದಿ?"

"ಪಂಚಮಿಗೆ. ಯಾಕ?"

"ಹಿಂಗ ದಿನಾ ನೂಲು ತಾಗತೈತೇನು?"

"ಕಣ್ಣಿದ್ರೂ ನೂಲು ಕೈಯಾಗ ಹಿಡೀಬೇಕಲ್ಲ. ತಾಗಿದ್ರ ಏನಾತು? ನನಗ ಗೊತ್ತss ಇಲ್ಲ."

ಬಾಳಪ್ಪ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಬಳೆಯಲ್ಲಿ ಗೀರು ಕೂಡ ಇರಲಿಲ್ಲ. ನೂಲಿನ ಪೆಟ್ಟು ಒಂದೇ ಜಾಗಕ್ಕೆ ಬೀಳುತ್ತಲೇ ಇರಲಿಲ್ಲ. ನಿಂತಲ್ಲೇ ನಿಲ್ಲದ ಕಲ್ಲು! ಕಾಲು ಇರುವ ಕಲ್ಲು!

"ಯಕ್ಕಾ, ಆ ಬಳಿ ತಗದು ಕೊಡು!"

ಕಾಶವ್ವ ರಾಟೆ ಬಿಟ್ಟು ಎದ್ದು ನಿಂತಳು.

"ಏನಂದಿ? ಬಳಿ ತಗೀಬೇಕಾ? ನನ್ನ ಗಂಡ ಮಗ್ಗದಾಗ ಕುಂತಾನ, ಗುಂಡುಕಲ್ಲಿನಂಗ ಗಟ್ಟಿ ಅದಾನ! ಬಾಯಿ ತೊಳಕೊಂಡು ಬಾ, ಹೋಗು!"

ಒಳಗಿನಿಂದ ಮಗ್ಗದ ಸದ್ದು ನಿಂತಿತು. ಬಾಳಪ್ಪ ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೂ ನಿಲ್ಲದೆ ಓಟ ಕಿತ್ತ.

ಓಡಿದ್ದು ಸೀದಾ ಬಳೆಗಾರನ ಅಂಗಡಿಗೆ.

"ಗಾಜಿನ ಬಳಿ ಬೇಕ್ರಿ. ಸಣ್ಣವು. ಕೂಸಿನ ಕೈಯಾಗ ಹಿಡಿಯೂವಂಥವು."

"ಕೂಸು ಕರಕೊಂಡು ಬಾ, ಕೈ ನೋಡಿ ಇಡ್ತೀನಿ. ಎಷ್ಟು ದೊಡ್ಡದೈತಿ?"

"ಇನ್ನೂ ಹುಟ್ಟಿಲ್ರಿ. ಮಾಡಬೇಕು."

ಬಳೆಗಾರ ಅವನ ಕಾವಿ ಶಲ್ಯವನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. "ಅಡಿವೆಜ್ಜಾರಿಗೆ ಇದು ಗೊತ್ತೈತೇನೋ ತಮ್ಮಾ?"

"ರಾಟಿಗೆ ಬೇಕ್ರಿ, ರಾಟಿಗೆ!" ಎಂದು ಬಾಳಪ್ಪ ಕೂಗಿದ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು.

ಆಮೇಲಿನದು ಕೈಯ ಕೆಲಸ. ಬಳೆಯನ್ನು ಬಿಗಿಯಾಗಿ ಕೂರಿಸಿದರೆ ಚಿಟ್ಟೆಂದು ಸೀಳುತ್ತಿತ್ತು. ಸಡಿಲ ಬಿಟ್ಟರೆ ಕುಣಿದು ನೂಲು ಜಗ್ಗುತ್ತಿತ್ತು. ಬಾಳಪ್ಪ ಅದೆಷ್ಟು ಗಾಜು ಗುಡಿಸಿ ಹಾಕಿದನೋ ಆಶ್ರಮದ ಕಸದ ಗುಂಡಿಗೇ ಗೊತ್ತು. ಕೊನೆಗೆ ಮರದ್ದೇ ಒಂದು ತೋಳು ಮಾಡಿ ಅದರಲ್ಲಿ ದುಂಡಗೆ ಒಂದು ತೋಡು ಕೊರೆದ. ಅದರೊಳಗೆ ಎಣ್ಣೆ ಕುಡಿಸಿದ ಮೆತ್ತನೆ ತೊಗಲು ಹಾಸಿದ. ಬಳೆಯನ್ನು ಅದರಲ್ಲಿ ಕೂರಿಸಿ ಮೇಲೊಂದು ಮರದ ಚಿಲಕ ಹಾಕಿದ. ಬೆಸುಗೆ ಇಲ್ಲ, ಮೊಳೆ ಇಲ್ಲ. ಚಿಲಕ ಸರಿಸಿದರೆ ಬಳೆ ಕೈಗೇ ಬರುತ್ತಿತ್ತು.

ನೂಲು ಹಾಯಿಸಿ ರಾಟೆ ತಿರುಗಿಸಿದ. ನೂಲು ಬಳೆಯ ಒಳಗೆ ಜಾರಿತು. ಬಳೆ ನಿಧಾನಕ್ಕೆ, ನೋಡಿದರೂ ಕಾಣದಷ್ಟು ನಿಧಾನಕ್ಕೆ, ತಾನೂ ತಿರುಗತೊಡಗಿತು.

ಬಾಳಪ್ಪ ಇನ್ನೊಂದು ಸುತ್ತು ತಿರುಗಿಸಿ ನೋಡಿದ. ಇದು ನನ್ನದು, ನಾನು ಕಂಡದ್ದು, ನನ್ನ ಕೈ ಮಾಡಿದ್ದು ಎಂದು ಅವನಿಗೆ ಗಟ್ಟಿಯಾಗಿ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಅಜ್ಜನನ್ನು ಕರೆತಂದ.

ಅಜ್ಜ ಬಗ್ಗಿ ನೋಡಿದರು. ಬಳೆಯ ಮೇಲೆ ಬೆರಳಿಟ್ಟು ಅದು ಸರಿಯುವುದನ್ನು ತಿಳಿದರು. ಅವರ ಮುಖದಲ್ಲಿ ಏನೋ ಬೆಳಗಿದ್ದನ್ನು ಬಾಳಪ್ಪ ಕಂಡ. ಇದೇ ಹೊತ್ತು ಎಂದುಕೊಂಡ.

"ಅಜ್ಜಾರ, ಅಂಕಿತ?"

"ಒಡೀಲಿ. ಆಮ್ಯಾಲ ಕೇಳು."

"ಒಡೀಬಾರದು ಅಂತ ಅಲ್ಲೇನ್ರಿ ಮಾಡಿದ್ದು?"

ಅಜ್ಜ ಆಗಲೇ ಪಡಸಾಲೆಯತ್ತ ನಡೆದಿದ್ದರು.

ರಾಟೆ ಕಾಶವ್ವನ ಮನೆಗೆ ಹೋಯಿತು, ಈ ಸಲವೂ ಹೆಸರಿಲ್ಲದೆ. ಮಳೆಗಾಲ ಹೋಯಿತು, ಚಳಿಗಾಲ ಬಂತು. ರಾಟೆ ತಿರುಗಿ ಬರಲಿಲ್ಲ. ಬಾಳಪ್ಪನಿಗೆ ಒಳಗೊಳಗೇ ಹಿಗ್ಗು. ಅದರ ಜೊತೆಗೇ ಒಂದು ಪೇಚು. ರಾಟೆ ಒಡೆಯದಿದ್ದರೆ ಅಂಕಿತ ಇಲ್ಲ. ಒಡೆದರೆ ಅಂಕಿತ ಕೇಳುವ ಮುಖ ಎಲ್ಲಿದೆ? ಅವನು ಅದೇ ನಮೂನೆಯ ಇನ್ನೊಂದು ರಾಟೆ ಮಾಡಿ ಪಡಸಾಲೆಯ ಮೂಲೆಗಿಟ್ಟ. ಅದರ ಮೈಮೇಲೆ ಅಂಕಿತ ಒತ್ತುವ ಜಾಗವನ್ನು ನುಣ್ಣಗೆ ಉಜ್ಜಿಟ್ಟು ದಿನಾ ಅದನ್ನೇ ನೋಡುತ್ತಿದ್ದ.

ಹೊಸ ವರ್ಷದ ಬೇವು ಚಿಗುರುವ ಹೊತ್ತಿಗೆ ಕಾಶವ್ವ ಬಂದಳು.

ದೂರದಿಂದಲೇ ಅವಳನ್ನು ಕಂಡ ಬಾಳಪ್ಪ ಉಳಿ ಕೆಳಗಿಟ್ಟು ಎದ್ದ. ಆದರೆ ಅವಳ ತಲೆಯ ಮೇಲೆ ರಾಟೆ ಇರಲಿಲ್ಲ. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು. ಬಿಚ್ಚಿ ತೋರಿಸಿದಳು. ಹಸಿರು ಗಾಜಿನ ಚೂರು.

ಬಾಳಪ್ಪನ ಮುಖ ಬಾಡಿತು. ಅಜ್ಜ ಪಡಸಾಲೆಯಿಂದ ಕೇಳಿದರು.

"ಏನಾತೋ ಬಾಳಪ್ಪಾ?"

"ಒಡೀತ್ರಿ ಅಜ್ಜಾರ."

ಕಾಶವ್ವ ಅವನ ಮೇಲೆ ಎಗರಿಬಿದ್ದಳು. "ನಾಲಿಗಿ ಮ್ಯಾಲ ಹಿಡಿತ ಐತೇನು ನಿನಗ? ಬಳಿ ಅದು! ಬಳಿಗೆ ಒಡೀತು ಅಂತಾರೇನು? ಮುತ್ತೈದಿತನದ ಒಡವಿ, ಒಡದ್ರೂ ಹೆಚ್ಚಿತು ಅನ್ನಬೇಕು!"

"ಆತು ಯಕ್ಕಾ, ಹೆಚ್ಚಿತು. ರಾಟಿ ಎಲ್ಲಿ? ನಾನss ಹೋಗಿ ತರ್ತೀನಿ."

"ತಂದು ಏನು ಮಾಡ್ತಿ? ಸೊಸಿ ಸುತ್ತಾಕ ಹತ್ತ್ಯಾಳ."

"ಕಣ್ಣಿಲ್ಲದss?"

"ಯಾಕ ಕಣ್ಣಿಲ್ಲದ? ಮೊಮ್ಮಗಳ ಕೈಗೆ ಬಿಗಿ ಆಗಿದ್ದ ಬಳಿ ಗ್ವಾಡ್ಯಾನ ಮಾಡದಾಗ ಇತ್ತು. ಚಿಲಕ ಸರಿಸಿದೆ, ಇಟ್ಟೆ, ಮತ್ತ ಚಿಲಕ ಹಾಕಿದೆ. ಅನ್ನ ಕುದಿಯೂದರಾಗ ಆತು."

ಬಾಳಪ್ಪ ಅವಳ ಮುಖವನ್ನೇ ನೋಡಿದ. "ಮತ್ತ ನೀ ಬಂದಿದ್ದು ಯಾಕ?"

"ಇನ್ನೊಂದು ರಾಟಿ ಬೇಕಂತ ಹೇಳಾಕ! ಅತ್ತಿ ಸೊಸಿ ಇಬ್ಬರೂ ಅದೊಂದಕ್ಕ ಜಗಳಾಡಾಕ ಹತ್ತೀವಿ. ಓಣಿಯಾಗ ಬಾಕಿ ಮಂದಿನೂ ಕೇಳ್ಯಾರ. ಯಾರು ಮಾಡಿದ್ದು ಅಂತಾರ. ರಾಟಿ ಮ್ಯಾಲ ಗುರುತss ಇಲ್ಲ, ಏನಂತ ಹೇಳಬೇಕು ನಾನು?"

ಅಜ್ಜ ನಗತೊಡಗಿದರು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆಯೇ ಎದ್ದು ಹೋಗಿ ಕುಲುಮೆಗೆ ತಾವೇ ಕೆಂಡ ತುಂಬಿದರು. ತಮ್ಮ ಪೆಟ್ಟಿಗೆಯ ತಳದಿಂದ ಒಂದು ಹೊಸ ಅಚ್ಚು ತೆಗೆದರು. ಅದರ ತುದಿಯಲ್ಲಿ ಒಂದು ದುಂಡನೆ ಬಳೆ, ಉಗುರಿನಷ್ಟು ಚಿಕ್ಕದು.

ಅದು ಇಂದು ಮಾಡಿದ್ದಲ್ಲ ಎಂದು ಬಾಳಪ್ಪನಿಗೆ ಕಂಡಕೂಡಲೇ ತಿಳಿಯಿತು. ಅದಕ್ಕೆ ಆಗಲೇ ಹಿಡಿಯಷ್ಟು ಧೂಳು ಕೂತಿತ್ತು.

ಅಚ್ಚು ಕೆಂಪಗೆ ಕಾಯಿತು. ಅಜ್ಜ ಅದನ್ನು ಶಿಷ್ಯನ ಕೈಗೆ ಕೊಟ್ಟರು. ಮೂಲೆಯಲ್ಲಿ ಕಾದಿದ್ದ ರಾಟೆಯ ನುಣುಪು ಜಾಗಕ್ಕೆ ಬಾಳಪ್ಪ ಅದನ್ನು ಒತ್ತಿದ. ಹೊಗೆ ಎದ್ದಿತು. ಸುಟ್ಟ ಮರದ ವಾಸನೆ ಪಡಸಾಲೆ ತುಂಬಿತು. ಕಾಶವ್ವ ಕೈಮುಗಿದು ನಿಂತಿದ್ದಳು.

ಬಾಳಪ್ಪ ಗುರುವಿನ ಕಾಲಿಗೆ ಬಿದ್ದ. ಎದ್ದಾಗ ಅವನ ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು.

"ಅಜ್ಜಾರ, ನಿಮ್ಮ ರಾಟಿ ಮುರಿಯೂದಿಲ್ಲ ಅಂತಾರ ಮಂದಿ. ನಂದು ಹಂಗಲ್ಲಲ್ರಿ."

ಅಡಿವೆಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

"ನಂದು ಮುರಿಯೂದಿಲ್ಲ, ಅಷ್ಟss. ನಿಂದು ಹೆಚ್ಚತೈತಿ, ಮಗನ."