ನೇಕಾರ ಚೂಡಾಮಣಿ

"ಗುರುಗಳೇ, ಇಬ್ಬರು ಬಂದಿದ್ದಾರೆ. ಒಬ್ಬನಿಗೆ ಹದಿನೈದು ವರ್ಷದ ಅನುಭವ, ದೊಡ್ಡ ಹುದ್ದೆಯ ಹೆಸರು. ಇನ್ನೊಬ್ಬಳಿಗೆ ಐದೇ ವರ್ಷ, ಹೆಸರಿಗೊಂದು ಹುದ್ದೆಯೂ ಇಲ್ಲ. ಯಾರಿಗೆ ಕೆಲಸ ಬರುತ್ತದೆಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ನಿಜಗುಣ. ಅವನದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಅರ್ಧಕ್ಕೆ ನಿಂತ ಕೆಲಸವೊಂದನ್ನು ಮುಗಿಸಿಕೊಡುವ ಎಂಜಿನಿಯರ್ ಸಿಗದಿದ್ದರೆ ಕಂಪನಿಗೆ ಬೀಗ ಬೀಳುತ್ತಿತ್ತು. ಅವನಿಗೆ ನಿಜಕ್ಕೂ ಭಯವಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿ. ಅವನಲ್ಲಿ ನೂರು ಮಗ್ಗ. ನೇಕಾರರ ಮುಖ ಮಾತ್ರ ಒಂದೂ ನೆನಪಿರುತ್ತಿರಲಿಲ್ಲ. ಒಮ್ಮೆ ಮದುವೆಯ ಸೀರೆ ಅರ್ಧ ಆಗಿದ್ದಾಗ ನೇಯುತ್ತಿದ್ದವನು ಕೈ ಮುರಿದುಕೊಂಡು ಊರಿಗೆ ಹೋದ. ಮದುವೆಯ ಸೀರೆಯನ್ನು ನಡುವೆ ಕತ್ತರಿಸುವುದು ಅಲ್ಲಿ ಅಪಶಕುನ. ಒಬ್ಬ ಬಿಟ್ಟ ಎಳೆಯಿಂದಲೇ ಇನ್ನೊಬ್ಬ ನೇಯಬೇಕು. ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಮಾತು ತಪ್ಪಿದರೆ ಮುಂದೆ ಯಾವ ಮದುವೆಮನೆಯವರೂ ಅವನ ಬಾಗಿಲಿಗೆ ಬರುವಂತಿರಲಿಲ್ಲ.

ಇಬ್ಬರು ಬಂದರು. ಮೊದಲನೆಯವಳು ತನ್ನ ಬಗ್ಗೆ ಏನೂ ಹೇಳಲಿಲ್ಲ. ಬಗ್ಗಿ ಸೀರೆಯ ಹಿಂಬದಿ ನೋಡಿದಳು, ಎಳೆಯ ಬಿಗಿ ಮುಟ್ಟಿ ನೋಡಿದಳು. "ಇದನ್ನು ನೇಯ್ದವರು ಎಡಚರೇ?" ಎಂದು ಕೇಳಿದಳು. ಕೆಲಸ ಕೇಳಲು ಬಂದವಳು ತನ್ನನ್ನೇ ಪ್ರಶ್ನೆ ಕೇಳುತ್ತಾಳಲ್ಲ ಎಂದು ವ್ಯಾಪಾರಿಗೆ ಸಿಟ್ಟು ಬಂತು. ಅವಳನ್ನು ಕಳುಹಿಸಿಬಿಟ್ಟ.

ಎರಡನೆಯವನ ಹೆಗಲ ಮೇಲೆ ಶಾಲಿತ್ತು, ಇಪ್ಪತ್ತು ವರ್ಷ ನೇಯ್ದ ಅನುಭವವಿತ್ತು, ಹೆಸರಿನ ಹಿಂದೆ 'ನೇಕಾರ ಚೂಡಾಮಣಿ' ಎಂಬ ಬಿರುದಿತ್ತು. ವ್ಯಾಪಾರಿ ಅವನನ್ನೇ ಮಗ್ಗಕ್ಕೆ ಕೂರಿಸಿದ. ಮೂರನೆಯ ದಿನಕ್ಕೆ ಸೀರೆಯ ಅಂಚು ಎರಡು ಬೆರಳು ಓರೆಯಾಯಿತು.

"ಹಿಂದಿನವನ ನೇಯ್ಗೆಯೇ ಸರಿಯಿಲ್ಲ ಧಣಿ. ಕತ್ತರಿಸಿ ಹೊಸದು ಹೂಡೋಣ" ಎಂದ ಚೂಡಾಮಣಿ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕು.

ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕುಳಿತ. "ನಿನಗೆ ಈ ಬಿರುದು ಕೊಟ್ಟ ಪುಣ್ಯಾತ್ಮ ಯಾರಪ್ಪ?"

"ನೀವೇ ಧಣಿ. ಎಂಟು ವರ್ಷದ ಹಿಂದೆ ನಿಮ್ಮಲ್ಲೇ ಇದ್ದೆ. ಕೂಲಿ ಹೆಚ್ಚಿಸಿ ಎಂದು ಕೇಳಿದೆ. ನೀವು ಶಾಲು ಹೊದಿಸಿದಿರಿ."

ನಿಜಗುಣನಿಗೆ ನಗು ತಡೆಯಲಾಗಲಿಲ್ಲ. "ಆಮೇಲೆ? ಆ ಹೆಂಗಸನ್ನು ಕರೆಸಿದನೇ?"

"ಕರೆಸಿದ. ಅಷ್ಟರಲ್ಲಿ ಅವಳು ಪಕ್ಕದ ಬೀದಿಯ ಮಗ್ಗದಲ್ಲಿ ಕುಳಿತಾಗಿತ್ತು."

ನಿಜಗುಣ ಇನ್ನೂ ನಗುತ್ತಲೇ ಇದ್ದ. ಗುರುಗಳು ಅವನ ಮುಖ ನೋಡಿ ಕೇಳಿದರು:

"ಅದಿರಲಿ, ಹೋದ ವರ್ಷ ಸಂಬಳ ಏರಿಸಲಾಗದೆ ನೀನು ಎಷ್ಟು ಜನರನ್ನು ಸೀನಿಯರ್ ಮಾಡಿದೆ?"