ಬೇಡವೆನ್ನಲಾಗದ ಗಾಳಿ ಕೊಳವೆ

ಒಂದು ಮನೆಯ ತಾರಸಿಯ ಮೇಲೆ ಗಾಳಿ ಕೊಳವೆಯೊಂದು ನಿಂತಿತ್ತು. ಅದು ಮೇಲಿನಿಂದ ಉಸಿರೆಳೆದುಕೊಂಡರೆ ಮಾತ್ರ ಕೆಳಗೆ ಬಚ್ಚಲ ನೀರು ಸರಾಗವಾಗಿ ಇಳಿಯುತ್ತಿತ್ತು. ಗೊರವಂಕವೊಂದು ಅದರ ತೆರೆದ ಬಾಯಿಗೆ ಮೊದಲ ಕಡ್ಡಿ ತಂದಿಟ್ಟಾಗ, ಬೇಡವೆನ್ನಲು ಕೊಳವೆಗೆ ಸಂಕೋಚವಾಯಿತು. ಒಂದು ಕಡ್ಡಿಯಿಂದ ಏನಾದೀತು ಎಂದುಕೊಂಡಿತು. ತಿಂಗಳೊಳಗೆ ಗೂಡು ತುಂಬಿ ಉಸಿರು ಕಟ್ಟಿತು.

“ತಾಯಿ, ಬೇರೆ ಕಡೆಗೆ ಹೋಗು. ಕೆಳಗೆ ನೀರು ಇಳಿಯುತ್ತಿಲ್ಲ,” ಎಂದಿತು ಕೊಳವೆ.

“ಈಗ ಹೇಳುತ್ತೀಯಲ್ಲ, ಅಣ್ಣಾ! ಮರಿಗಳಾಗಿವೆ. ಅವುಗಳ ರೆಕ್ಕೆ ಬಲಿಯುವವರೆಗೆ ತಾಳಿಕೋ,” ಎಂದಿತು ಗೊರವಂಕ.

ಕೊಳವೆ ತಾಳಿಕೊಂಡಿತು. ಬಚ್ಚಲಲ್ಲಿ ನೀರು ಗುಳುಗುಳು ಎನ್ನುತ್ತ ನಿಂತುಬಿಟ್ಟಿತು. ಮನೆಯೊಡತಿ ಅಲಮೇಲಮ್ಮ ತಂತಿ ತೂರಿಸಿದಳು, ಬಿಸಿನೀರು ಸುರಿದಳು. ಅಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ.

“ಅಲ್ಲಲ್ಲ ಅಮ್ಮಾ, ಮೇಲೆ ಬಂದು ನೋಡಿ!” ಎಂದು ಕೊಳವೆ ಕೂಗಿತು. ಅವಳಿಗೆ ಕೇಳಿಸಿದ್ದು ಬರೀ ಗುಳುಗುಳು ಸದ್ದು.

“ಹಾಳು ಬಚ್ಚಲು! ಇದಕ್ಕೆ ಆಸಿಡ್ಡೇ ಸರಿ,” ಎಂದು ಅವಳು ಒಂದು ಬಾಟಲಿ ಪೂರ್ತಿ ಸುರಿದಳು.

ಘಾಟು ಹೊಗೆ ಕೊಳವೆಯೊಳಗೆ ಮೇಲೇರಿತು. ತಡೆಯಲು ಕೊಳವೆಗೆ ಕೈಯಿರಲಿಲ್ಲ, ಹೊಗೆಗೆ ಬೇರೆ ದಾರಿಯಿರಲಿಲ್ಲ.

“ಹಾರಿಹೋಗು, ತಾಯಿ!” ಎಂದು ಕೊಳವೆ ಅರಚಿತು.

“ನನಗೆ ಹಾರಲು ಬರುತ್ತದೆ, ಮರಿಗಳಿಗೆ ಬರುವುದಿಲ್ಲವಲ್ಲ,” ಎಂದ ಗೊರವಂಕ ರೆಕ್ಕೆ ಹರಡಿ ಅವುಗಳ ಮೇಲೆ ಕೂತಿತು.

ಸ್ವಲ್ಪ ಹೊತ್ತಿಗೆ ಚಿಲಿಪಿಲಿ ನಿಂತಿತು. ಕೊಳವೆ ಎಷ್ಟು ಕರೆದರೂ ಉತ್ತರ ಬರಲಿಲ್ಲ. ಗೂಡು ಮಾತ್ರ ಬಾಯಿಗೆ ಅಡ್ಡವಾಗಿ ಹಾಗೆಯೇ ಇತ್ತು. ಕೆಳಗೆ ಅಲಮೇಲಮ್ಮ ಎರಡನೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.