ಹಸಿದ ಬಟ್ಟೆ

ಶಿಷ್ಯ ಕೇಳಿದ: "ಗುರುಗಳೇ, ಸುಳ್ಳು ಹೇಳಿದವನು ನಾಚಬೇಕು. ಕದ್ದವನು ನಾಚಬೇಕು. ಸುಮ್ಮನೆ ಕುಳಿತಿದ್ದವನು ಏಕೆ ನಾಚಬೇಕು?"

ಗುರು ಅವನ ಮುಖವನ್ನೊಮ್ಮೆ ನೋಡಿದರು. ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬೆಟ್ಟದ ಹೆಂಗಸರು ನೇಯ್ದ, ಮೇಜಿಗೆ ಹಾಸುವ ಬಟ್ಟೆಗಳನ್ನು ಪಟ್ಟಣಕ್ಕೆ ತಂದು ಮಾರುವುದು ಅವನ ಕಸುಬು. ಅಳತೆಯಲ್ಲಿ ಮೋಸವಿಲ್ಲ, ಬೆಲೆಯಲ್ಲಿ ಚೌಕಾಸಿಯಿಲ್ಲ, ಹೇಳಿದ ದಿನ ತಪ್ಪುವವನಲ್ಲ. ಪ್ರಾಮಾಣಿಕ ಎಂದು ಹತ್ತು ಜನ ಹೇಳುತ್ತಿದ್ದರು. ಅವನಿಗೂ ಆ ಬಗ್ಗೆ ಅನುಮಾನವಿರಲಿಲ್ಲ.

ಆ ಹೆಂಗಸರ ಮಗ್ಗಕ್ಕೆ ಚೌಕಟ್ಟಿಲ್ಲ. ನೂಲಿನ ಒಂದು ತುದಿಯನ್ನು ಮರಕ್ಕೆ ಕಟ್ಟುತ್ತಾರೆ, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ. ನೇಯುವವಳು ಹಿಂದಕ್ಕೆ ವಾಲಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲುತ್ತದೆ. ಅವಳ ಮೈಯೇ ಮಗ್ಗದ ಅರ್ಧ.

ಅವರಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಬಟ್ಟೆಯನ್ನು ಉಣ್ಣಿಸದೆ ಕೊಡುವಂತಿಲ್ಲ. ನೇಯ್ದವಳು ಅದನ್ನು ಅಂಗಳದಲ್ಲಿ ಹರಡುತ್ತಾಳೆ. ಅದರ ಮೇಲೆ ಊಟವಿಟ್ಟು, ಪಡೆಯುವವನೂ ತಾನೂ ಎದುರುಬದುರು ಕುಳಿತು ಉಣ್ಣುತ್ತಾರೆ. ಹಾಗೆ ಉಣ್ಣದೆ ಕೊಟ್ಟರೆ ಬಟ್ಟೆ ಹಸಿದೇ ಇರುತ್ತದೆ. ಅದನ್ನು ಹಾಸಿದ ಮನೆಯಲ್ಲಿ ಎಷ್ಟು ಬಡಿಸಿದರೂ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂಬುದು ಅವರ ನಂಬಿಕೆ.

ಮೊದಲ ಸಲ ವ್ಯಾಪಾರಿ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತ. ಅವನ ಮನೆಯಲ್ಲಿ ಬೆಟ್ಟದವರ ಕೈಯ ನೀರನ್ನೂ ಕುಡಿಯುತ್ತಿರಲಿಲ್ಲ. ವ್ಯಾಪಾರ ಕೆಟ್ಟೀತೆಂದು ನುಂಗಿದ. ಆಮೇಲೆ ರೂಢಿಯಾಯಿತು. ಬರಬರುತ್ತಾ ರುಚಿಯೂ ಹತ್ತಿತು. ಅವರಲ್ಲಿ ಹಿರಿಯಳೊಬ್ಬಳನ್ನು ಅಕ್ಕ ಎಂದು ಕರೆಯತೊಡಗಿದ. ಅವಳು ತಮ್ಮ ಎಂದಳು. ಅವನು ಬೇಯಿಸಿದ ಗೆಣಸು ಸುಲಿದರೆ ಅರ್ಧ ಗೆಣಸು ಸಿಪ್ಪೆಯ ಜೊತೆ ಹೋಗುತ್ತಿತ್ತು. ಈ ಕೈಗೆ ಹೆಣ್ಣು ಕೊಟ್ಟ ಪುಣ್ಯಾತ್ಮರು ಯಾರೋ ಎಂದು ಅವಳು ಹಂಗಿಸುವಳು, ಅವನು ನಗುವನು. ಹೊರಡುವಾಗಲೆಲ್ಲ, ಪಟ್ಟಣಕ್ಕೆ ಇಳಿದರೆ ನಮ್ಮ ಮನೆಯಲ್ಲೇ ಊಟ, ತಪ್ಪಿಸಬೇಡ ಎನ್ನುವನು. ಅವಳು ಬೆಟ್ಟ ಇಳಿಯುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

ಪಟ್ಟಣದಲ್ಲಿ ಗಿರಾಕಿಗಳಿಗೆ ಮಗ್ಗದ ಕತೆ ಹೇಳುತ್ತಿದ್ದ. ಊಟದ ಕತೆಯನ್ನು ಯಾರಿಗೂ ಹೇಳಲಿಲ್ಲ. ತಾಯಿಗಂತೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಸಮಾಧಾನ ಮಾಡಿಕೊಂಡಿದ್ದ. ಯಾರೂ ಕೇಳಲಿಲ್ಲ.

ಹೀಗಿರಲು ಅವನ ಮಗಳಿಗೆ ಸಂಬಂಧ ಕೂಡಿಬಂತು. ಗಂಡಿನ ಕಡೆಯವರು ದೊಡ್ಡ ಮನೆತನದವರು. ಮೇಜಿನ ಮೇಲೆ ಉಣ್ಣುವಷ್ಟು ಹೊಸಬರು, ಯಾರ ಜೊತೆ ಉಣ್ಣಬೇಕು ಎಂಬುದರಲ್ಲಿ ಹಳಬರು. ಮಾತು ಮುಗಿಸಲು ಅವರು ಬಂದ ದಿನ ವ್ಯಾಪಾರಿ ತನ್ನಲ್ಲಿದ್ದ ಒಳ್ಳೆಯ ಬಟ್ಟೆಯನ್ನೇ ತೆಗೆದು ಮೇಜಿಗೆ ಹಾಸಿದ.

ಬಡಿಸಿ ಇನ್ನೇನು ಕೈಯಿಡಬೇಕು, ಬಾಗಿಲಲ್ಲಿ ಯಾರೋ "ತಮ್ಮಾ" ಎಂದು ಕರೆದರು.

ಬೆಟ್ಟದ ಅಕ್ಕ ನಿಂತಿದ್ದಳು. ಮಗಳ ಮದುವೆಯ ಸುದ್ದಿಯನ್ನು ಅವನೇ ಹಿಂದಿನ ಸಲ ಹೇಳಿದ್ದ. ಆ ಹುಡುಗಿಗೆಂದು ಒಂದು ಬಟ್ಟೆ ನೇಯ್ದು, ಹೆಗಲ ಮೇಲೆ ಹಾಕಿಕೊಂಡು, ನಡೆದು ಬಂದಿದ್ದಳು. ಬಾ ಅಕ್ಕ, ಕೂರು ಎಂಬ ಮಾತು ವ್ಯಾಪಾರಿಯ ನಾಲಗೆಯವರೆಗೆ ಬಂತು. ಎದುರಿಗೆ ಗಂಡಿನ ತಂದೆ ಕುಳಿತಿದ್ದರು. ಬಾಗಿಲ ಮರೆಯಲ್ಲಿ ಮಗಳು ನಿಂತಿದ್ದಳು. ಒಂದು ಮಾತಿಗೆ ಸಂಬಂಧ ಮುರಿದೀತು. ನಾಳೆ ಬೆಟ್ಟಕ್ಕೆ ಹೋಗಿ ಸರಿಮಾಡಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಅವನ ತಾಯಿ ಎದ್ದು ಹೋಗಿ ಅವಳನ್ನು ಹೊಸ್ತಿಲಲ್ಲೇ ತಡೆದು, ಒಂದು ಎಲೆ ಅನ್ನ ಕೊಟ್ಟು, ಹಿತ್ತಲಿಗೆ ಕಳಿಸಿ ಬಂದರು.

ಗಂಡಿನ ತಂದೆ ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಇದೂ ಅವರದೇ ಕೈಕೆಲಸವೋ? ಹುಷಾರು ಕಣ್ರೀ. ಈಗ ತಮ್ಮ ಅಂದಿದ್ದಾಳೆ, ನಾಳೆ ಇದರ ಮೇಲೆ ನಿಮ್ಮ ಪಕ್ಕ ಊಟಕ್ಕೂ ಕೂತಾಳು" ಎಂದು ನಕ್ಕರು.

"ಅಯ್ಯೋ ಬೀಗರೇ, ಅವರು ನೇಯುವುದಷ್ಟೇ" ಎಂದರು ವ್ಯಾಪಾರಿಯ ತಾಯಿ. "ಕುದಿಯುವ ನೀರಿಗೆ ಹಾಕದೆ ನಮ್ಮ ಹುಡುಗ ಒಂದು ನೂಲನ್ನೂ ಒಳಗೆ ತರುವವನಲ್ಲ."

ಎಲ್ಲರೂ ವ್ಯಾಪಾರಿಯ ಮುಖ ನೋಡಿದರು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಲೆ ಬಗ್ಗಿಸಿ ಅನ್ನ ಕಲಸಿದ. ಹಿತ್ತಲ ಬಾಗಿಲು ತೆರೆದೇ ಇತ್ತು. ಒಳಗಿನ ಮಾತು ಒಂದೂ ಬಿಡದೆ ಆಚೆ ಕೇಳಿಸುತ್ತದೆ ಎಂಬುದು, ಆ ಮನೆಯಲ್ಲೇ ಹುಟ್ಟಿ ಬೆಳೆದ ಅವನಿಗೆ ತಿಳಿಯದ್ದಲ್ಲ.

ಮಾತು ಮುಗಿಯಿತು. ತಾಂಬೂಲವಾಯಿತು. ಬೀಗರು ಹೊರಟರು. ಅವರ ಬೆನ್ನು ಮರೆಯಾದ ಮೇಲೆ ವ್ಯಾಪಾರಿ ಹಿತ್ತಲಿಗೆ ಹೋದ.

ಅವಳು ಬಾವಿಯ ಬಳಿ ಕುಳಿತಿದ್ದಳು. ತಂದ ಬಟ್ಟೆಯನ್ನು ನೆಲದ ಮೇಲೆ ಹರಡಿ, ಅನ್ನದ ಎಲೆಯನ್ನು ಅದರ ನಡುವೆ ಇಟ್ಟಿದ್ದಳು. ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಅನ್ನ ಆರಿಹೋಗಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಮೇಲೂ ಅವಳು ತನಗಾಗಿ ಕಾದಿದ್ದಾಳೆ ಎಂದು ವ್ಯಾಪಾರಿಗೆ ತಿಳಿಯಿತು. ಅವಳೆದುರು ನೆಲದ ಮೇಲೆ ಕುಳಿತ. ಎಲೆಗೆ ಕೈ ನೀಡಿದ. ನೀಡುವ ಮುನ್ನ ಒಮ್ಮೆ, ಒಂದೇ ಒಮ್ಮೆ, ಅಡುಗೆಮನೆಯ ಕಿಟಕಿಯ ಕಡೆ ನೋಡಿದ.

ಅವಳು ಅದನ್ನು ಕಂಡಳು. ಎಲೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಬಟ್ಟೆಯನ್ನು ಮಡಿಸಿದಳು.

"ಬೇಡ ತಮ್ಮ" ಎಂದಳು. "ಕದ್ದು ಉಂಡರೆ ಬಟ್ಟೆಗೆ ಹತ್ತುವುದಿಲ್ಲ. ಹಸಿದದ್ದನ್ನು ಮಗಳಿಗೆ ಕೊಟ್ಟು ಹೋಗಲಾರೆ. ಬಾಳಿ ಬದುಕಬೇಕಾದವಳು ಅವಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಕಾಲಿಗೆ ಬಿದ್ದು ಹಗುರಾಗುತ್ತಿದ್ದ. ಬಟ್ಟೆಯನ್ನು ಮತ್ತೆ ಹೆಗಲಿಗೇರಿಸಿ ಅವಳು ಬಂದ ದಾರಿ ಹಿಡಿದಳು. ತಂದದ್ದನ್ನು ವಾಪಸು ಒಯ್ದಳಲ್ಲ, ಬೆಲೆ ಕುದುರಲಿಲ್ಲವೇನೋ ಎಂದು ತಾಯಿ ಒಳಗಿಂದ ಕೇಳಿದರು. ಆಗಲೂ ಅವನು ಬಾಯಿ ಬಿಡಲಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ವ್ಯಾಪಾರಿ ಮತ್ತೆ ಬೆಟ್ಟ ಹತ್ತಲಿಲ್ಲ, ಆಳನ್ನು ಕಳಿಸಿದ. ಆಳು ಅವರೊಡನೆ ಉಂಡು ಬಟ್ಟೆ ತರುತ್ತಿದ್ದ. ಅಕ್ಕ ನಿಮ್ಮನ್ನು ವಿಚಾರಿಸಿದಳು ಎನ್ನುತ್ತಿದ್ದ. ವ್ಯಾಪಾರ ಬೆಳೆಯಿತು. ಆದರೆ ಎಲ್ಲಿ ಊಟಕ್ಕೆ ಕುಳಿತರೂ, ಮೊದಲ ತುತ್ತು ಎತ್ತುವಾಗ, ಅವನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಗುತ್ತಿತ್ತು. ಏನು ನೋಡುತ್ತೀರಿ ಎಂದು ಹೆಂಡತಿ ಕೇಳಿದರೆ, ಏನಿಲ್ಲ ಎನ್ನುತ್ತಿದ್ದ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು.

"ಒಂದು ಮಾತು, ಗುರುಗಳೇ" ಎಂದ. "ನಾನೂ ಅವಳೊಡನೆ ಉಂಡವನೇ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅಷ್ಟೂ ಆಗದವನು ಎಂಥ ಮನುಷ್ಯ?"

ಗುರು ಹೇಳಿದರು: "ನಿನ್ನೆ ಸಂತರ್ಪಣೆಯಲ್ಲಿ ಆ ಮುದುಕನನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದರಲ್ಲ, ಅವನ ಪಕ್ಕದ ಎಲೆ ಯಾರದು?"